ಕೈ ತಪ್ಪುತ್ತಿರುವ ಅಕ್ಷರ

ಕರ್ನಾಟಕದಲ್ಲಿ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಾರೆ. ವಿಷಯಕ್ಕೆ ಮೂರು ಗಂಟೆಯಂತೆ ಹಾಳೆಯ ಮೇಲೆ ಹಾಳೆ ತುಂಬಿಸುತ್ತಾರೆ. ಪಿಯುಸಿ, ಪದವಿ, ಆಮೇಲೆ ಕೆಎಎಸ್, ಐಎಎಸ್ ಮುಖ್ಯ ಪರೀಕ್ಷೆಯವರೆಗೂ ಇದೇ ಪದ್ಧತಿ. ಜಾಣತನವನ್ನು ಅಳೆಯುವುದೆಲ್ಲ ಪೆನ್ನಿನಿಂದಲೇ. ಕೊನೆಯ ಪರೀಕ್ಷೆ ಮುಗಿಯಿತೋ, ಅದೇ ಕೈಗೆ ಬರೆಯುವ ಕೆಲಸವೇ ಇಲ್ಲ. ರಜೆ ಅರ್ಜಿ ಇಮೇಲ್‌ನಲ್ಲಿ ಹೋಗುತ್ತದೆ, ಕಿರಾಣಿ ಚೀಟಿ ವಾಟ್ಸ್‌ಆ್ಯಪ್‌ನಲ್ಲಿ, ಹಣ ಯುಪಿಐನಲ್ಲಿ. ಉಳಿದಿರುವುದು ಸಹಿ ಒಂದೇ. ಇದನ್ನು ಕಂಡು ಹಲುಬುವವರು ಒಂದು ಕಡೆ; ದುಂಡಗಿನ ಅಕ್ಷರ ಹೋದರೆ ಸಂಸ್ಕೃತಿಯೇ ಹೋಯಿತು ಎನ್ನುತ್ತಾರೆ. ಓಲೆಗರಿ ಹೋದಾಗ ಏನಾಯಿತು, ಪೆನ್ನು ಹೋದರೂ ಅಷ್ಟೇ ಎಂದು ಕೈಕೊಡವುವವರು ಇನ್ನೊಂದು ಕಡೆ. ಇಬ್ಬರೂ ಒಂದು ವಿಷಯವನ್ನು ಗಮನಿಸುವುದಿಲ್ಲ. ಕೈಬರಹ ಇಷ್ಟು ಕಾಲ ಮಾಡುತ್ತ ಬಂದದ್ದು ಒಂದೇ ಕೆಲಸವಲ್ಲ. ಅದು ಕಚೇರಿಯ ವೇಗದ ಸಾಧನವಾಗಿತ್ತು, ದಾಖಲೆಯ ಮಾಧ್ಯಮವಾಗಿತ್ತು, ಮಗುವಿಗೆ ಅಕ್ಷರ ಕಲಿಸುವ ದಾರಿಯೂ ಆಗಿತ್ತು. ಮೊದಲ ಎರಡನ್ನು ಕೀಲಿಮಣೆಗೆ ಬಿಟ್ಟುಕೊಡಬಹುದು, ಬಹುಮಟ್ಟಿಗೆ ಕೊಟ್ಟೂ ಆಗಿದೆ. ಮೂರನೆಯದನ್ನು ಕೊಡಲಾಗದು. ಅದರಲ್ಲೂ ಕನ್ನಡದಂಥ ಲಿಪಿ ಇರುವವರು ಕೊಡಲೇಬಾರದು.

ಮೊದಲು ಕೂಡುಬರಹದ ಮಾತು. ಇಂಗ್ಲಿಷಿನ ಕರ್ಸಿವ್‌ಗೆ ಈಗ ಸಾಂಸ್ಕೃತಿಕ ಪರಂಪರೆಯ ಪಟ್ಟ ಸಿಕ್ಕಿದೆ. ಅದು ಬೆಳೆದದ್ದು ಮಾತ್ರ ಗುಮಾಸ್ತರ ಮೇಜಿನ ಮೇಲೆ. ಗರಿಯ ಲೇಖನಿಯನ್ನು ಪದೇಪದೇ ಎತ್ತಿಟ್ಟರೆ ಶಾಯಿ ಚೆಲ್ಲುತ್ತದೆ, ಹೊತ್ತೂ ಹಿಡಿಯುತ್ತದೆ. ಎತ್ತದೆ ಬರೆದರೆ ಪತ್ರ ಬೇಗ ಮುಗಿಯುತ್ತದೆ. ಅಮೆರಿಕದಲ್ಲಿ 19ನೇ ಶತಮಾನದ ಕೊನೆಯಲ್ಲಿ ಹುಟ್ಟಿ 20ನೇ ಶತಮಾನದ ಆರಂಭದಲ್ಲಿ ಶಾಲೆಗಳನ್ನೆಲ್ಲ ಆವರಿಸಿದ ಪಾಮರ್ ಪದ್ಧತಿ ಹೇಳಿಕೊಟ್ಟದ್ದು ವ್ಯಾಪಾರಕ್ಕೆ ಬೇಕಾದ, ದಣಿಯದೆ ಓಡುವ ಬರಹವನ್ನು. ಅಷ್ಟರಲ್ಲಾಗಲೇ, 1874ರಲ್ಲಿ, ರೆಮಿಂಗ್ಟನ್ ಟೈಪ್‌ರೈಟರ್ ಮಾರುಕಟ್ಟೆಗೆ ಬಂದಿತ್ತು. ಕಚೇರಿಯಿಂದ ಕೂಡುಬರಹ ಹೊರಬಿದ್ದು ನೂರು ವರ್ಷ ಕಳೆದರೂ ಶಾಲೆಗಳು ಅದನ್ನು ಅಭ್ಯಾಸಬಲದಿಂದ ಕಲಿಸುತ್ತಲೇ ಇದ್ದವು. 2010ರಲ್ಲಿ ಬಂದ ‘ಕಾಮನ್ ಕೋರ್’ ಎಂಬ ಶಾಲಾ ಕಲಿಕೆಯ ಮಾನದಂಡಗಳು ಅದನ್ನು ಕೈಬಿಟ್ಟಾಗ ಗುಲ್ಲೆದ್ದಿತು. ಹಲವು ರಾಜ್ಯಗಳು ಕಾನೂನು ಮಾಡಿ ಮರಳಿ ತಂದವು. 2023ರಲ್ಲಿ ಕ್ಯಾಲಿಫೋರ್ನಿಯಾ ಕೂಡ ತಂದಿತು. ಫಿನ್ಲೆಂಡಿನ ಕಥೆಯನ್ನಂತೂ ತಪ್ಪಾಗಿಯೇ ಹೇಳಲಾಗುತ್ತಿದೆ. ಆ ದೇಶ ಕೈಬರಹವನ್ನೇ ನಿಲ್ಲಿಸಿತು ಎಂಬ ಸುದ್ದಿ ಲೋಕವೆಲ್ಲ ಹರಡಿತು. 2016ರ ಪಠ್ಯಕ್ರಮದಲ್ಲಿ ಅದು ಬಿಟ್ಟದ್ದು ಕೂಡುಬರಹದ ಕಡ್ಡಾಯವನ್ನು ಮಾತ್ರ. ಬಿಡಿ ಅಕ್ಷರಗಳನ್ನು ಕೈಯಲ್ಲಿ ಬರೆಯುವುದು ಉಳಿಯಿತು, ಜೊತೆಗೆ ಟೈಪಿಂಗ್ ಸೇರಿತು. ಕೂಡುಬರಹ ಹೋಗುವುದೂ ಕೈಬರಹ ಹೋಗುವುದೂ ಒಂದೇ ಅಲ್ಲ ಎಂದು ಫಿನ್ಲೆಂಡಿಗೆ ಗೊತ್ತಿತ್ತು. ಚರ್ಚೆ ಮಾಡುವವರು ಅದನ್ನು ಮರೆಯುತ್ತಾರೆ.

ಓಟದ ಬರಹದ ಸಾವು ನಮಗೂ ಹೊಸತೇನಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಹಳೆಯ ಮನೆಗಳ, ಮಠಗಳ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ಕಾಗದಪತ್ರಗಳು ಇವತ್ತಿಗೂ ಸಿಗುತ್ತವೆ. ಮರಾಠಿಯನ್ನು ಲೇಖನಿ ಎತ್ತದೆ ಬರೆದುಕೊಂಡು ಹೋಗಲು ರೂಪುಗೊಂಡ ಲಿಪಿ ಅದು. ಸಾಲಿನುದ್ದಕ್ಕೂ ಮೊದಲು ಗೆರೆ ಎಳೆದು, ಅಕ್ಷರಗಳನ್ನು ಅದರ ಕೆಳಗೆ ಇಳಿಬಿಡುತ್ತಿದ್ದರು. ವೇಗಕ್ಕಾಗಿ ಇ–ಈ, ಉ–ಊಗಳ ಹ್ರಸ್ವ ದೀರ್ಘದ ಭೇದವನ್ನೂ ಬಿಟ್ಟುಬಿಡುತ್ತಿದ್ದರು. ಅಚ್ಚಿನ ಮೊಳೆಗೆ ಅದು ಒಗ್ಗಲಿಲ್ಲ. ಮುದ್ರಣ ದೇವನಾಗರಿಯನ್ನು ಆರಿಸಿಕೊಂಡಿತು, 20ನೇ ಶತಮಾನದ ನಡುಭಾಗದ ಹೊತ್ತಿಗೆ ಶಾಲೆಯಿಂದಲೂ ಮೋಡಿ ಮರೆಯಾಯಿತು. ಪುಣೆಯ ಪೇಶ್ವೆ ದಫ್ತರದಲ್ಲಿ, ತಂಜಾವೂರಿನ ಸರಸ್ವತಿ ಮಹಲಿನಲ್ಲಿ ಮೋಡಿಯ ರಾಶಿ ರಾಶಿ ಕಾಗದಗಳಿವೆ. 2014ರಲ್ಲಿ ಯೂನಿಕೋಡ್ ಈ ಲಿಪಿಗೆ ಜಾಗ ಕೊಟ್ಟಿತು. ಕಂಪ್ಯೂಟರಿಗೆ ಮೋಡಿ ಬಂದಾಗ ಮನುಷ್ಯರಲ್ಲಿ ಓದುವವರು ಬೆರಳೆಣಿಕೆಗೆ ಇಳಿದಿದ್ದರು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಮರಾಠಾ ಮೀಸಲಾತಿಗಾಗಿ ಹಳೆಯ ಕುಣಬಿ ದಾಖಲೆಗಳನ್ನು ಕೆದಕಲು ಹೊರಟಾಗ ಮೋಡಿ ಬಲ್ಲವರನ್ನು ಹುಡುಕಿ ತರಬೇಕಾಯಿತು. ಅಮೆರಿಕವೂ ಅದೇ ದಾರಿ ಹಿಡಿದಿದೆ: ಇತಿಹಾಸಕಾರ್ತಿ, ಹಾರ್ವರ್ಡ್‌ನ ಮಾಜಿ ಅಧ್ಯಕ್ಷೆ ಡ್ರೂ ಗಿಲ್ಪಿನ್ ಫೌಸ್ಟ್ ತಮ್ಮ ತರಗತಿಯ ಮೂರರಲ್ಲಿ ಎರಡು ಪಾಲು ವಿದ್ಯಾರ್ಥಿಗಳಿಗೆ ಕೂಡುಬರಹ ಓದಲು ಬರುವುದಿಲ್ಲ ಎಂದು 2022ರಲ್ಲಿ ಬರೆದರು. ಓಟದ ಬರಹ ಬಳಕೆಯಿಂದ ಹೋಗಬಹುದು, ಓದುಗರು ಪೂರ್ತಿ ಹೋಗಬಾರದು. ಇದಕ್ಕೆ ಪರಿಹಾರ ಊರಿನ ಮಕ್ಕಳಿಗೆಲ್ಲ ಮೋಡಿ ಕಲಿಸುವುದಲ್ಲ. ಪತ್ರಾಗಾರಗಳಲ್ಲಿ, ಇತಿಹಾಸ ವಿಭಾಗಗಳಲ್ಲಿ ಒಂದಷ್ಟು ಜನರನ್ನು ಸದಾ ತಯಾರು ಮಾಡುತ್ತಿದ್ದರೆ ಸಾಕು.

ದಾಖಲೆಯ ಬರಹದ ವಿಷಯದಲ್ಲಂತೂ ಕೈಬರಹ ಹೋದದ್ದೇ ಒಳ್ಳೆಯದಾಯಿತು. ಶಾನುಭೋಗರ ಕಾಲದಲ್ಲಿ ರೈತನ ಜಮೀನು ಯಾರದೆಂದು ತೀರ್ಮಾನವಾಗುತ್ತಿದ್ದದ್ದು ಒಬ್ಬರ ಕೈಯ ಬರಹದಲ್ಲಿ. ಅದನ್ನು ಓದಬಲ್ಲವರೂ ಬಹುಮಟ್ಟಿಗೆ ಅವರೇ. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಬಳಪದಲ್ಲಿ ಬರೆಯುತ್ತಿದ್ದ ಕಡತಗಳು ಇವತ್ತು ಸಂಶೋಧಕರ ಪಾಲಿಗೆ ನಿಧಿ. ಅವುಗಳೆದುರು ಕೈಕಟ್ಟಿ ನಿಂತ ಅನಕ್ಷರಸ್ಥ ರೈತನಿಗೆ ಹಾಗಿರಲಿಲ್ಲ. ಒಂದು ಗೀಟು ಹೆಚ್ಚಿದರೆ, ಒಂದು ಸೊನ್ನೆ ಅಳಿಸಿದರೆ ಕೇಳುವವರಿರಲಿಲ್ಲ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದಿತು. ಆ ಯೋಜನೆಗೆ ಅದರದೇ ಕುಂದುಗಳಿದ್ದವು. ಆದರೂ ಕೈಬರಹದ ಪಹಣಿಯ ಕಾಲ ಮತ್ತೆ ಬರಲಿ ಎನ್ನುವ ರೈತ ಸಿಗಲಾರ. ವೈದ್ಯರ ಚೀಟಿಯ ಮಾತೂ ಇದೇ. ಔಷಧದ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಿರಿ ಎಂದು 2016ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ನಿಯಮ ಮಾಡಬೇಕಾಗಿ ಬಂತು. ಒಬ್ಬ ಬರೆದದ್ದನ್ನು ಇನ್ನೊಬ್ಬ ಓದಲೇಬೇಕಾದ ಕಡೆ, ಓದಿದ್ದು ತಪ್ಪಾದರೆ ಜೀವವೋ ಜಮೀನೋ ಹೋಗುವ ಕಡೆ, ಯಂತ್ರದ ಅಕ್ಷರವೇ ನ್ಯಾಯ.

ಕಲಿಯುವ ಕೈ

ಕಲಿಕೆಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಅಲ್ಲಿ ಬರಹ ಇನ್ನೊಬ್ಬರು ಓದಲೆಂದು ಇರುವುದಲ್ಲ, ಬರೆಯುವ ಮಗುವಿನ ತಲೆಯಲ್ಲಿ ಅಕ್ಷರ ಕೂರಲೆಂದು ಇರುವುದು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳು ಅಕ್ಷರಗಳನ್ನು ಮೂರು ಬಗೆಯಲ್ಲಿ ಕಲಿತರು: ಕೆಲವನ್ನು ಸ್ವಂತ ಕೈಯಿಂದ ಬರೆದು, ಕೆಲವನ್ನು ಚುಕ್ಕಿಗಳ ಮೇಲೆ ತಿದ್ದಿ, ಕೆಲವನ್ನು ಕೀಲಿ ಒತ್ತಿ. ಆಮೇಲೆ ಅವೇ ಅಕ್ಷರಗಳನ್ನು ತೋರಿಸುತ್ತ ಮಿದುಳಿನ ಚಿತ್ರ ತೆಗೆದಾಗ, ಓದುವಾಗ ಎಚ್ಚರವಾಗುವ ಭಾಗಗಳು ಚುರುಕಾದದ್ದು ಸ್ವಂತ ಬರೆದ ಅಕ್ಷರಗಳಿಗೆ. ಇದಕ್ಕೆ ಸಂಶೋಧಕರು ಕೊಟ್ಟ ವಿವರಣೆ ಕಾಪಿರೈಟಿಂಗ್ ಮೇಷ್ಟ್ರುಗಳಿಗೆ ಹಿಡಿಸಲಿಕ್ಕಿಲ್ಲ: ಮಗು ಬರೆದ ಅಕ್ಷರ ಸೊಟ್ಟಗಿರುತ್ತದೆ, ಒಂದೊಂದು ಸಲ ಒಂದೊಂದು ಥರ ಬರುತ್ತದೆ, ಅದರಿಂದಲೇ ಕಲಿಕೆ. ಹತ್ತು ಬಗೆಯ ಸೊಟ್ಟ ‘ಅ’ಗಳನ್ನು ತಾನೇ ಬರೆದ ಮಗುವಿಗೆ, ಅವೆಲ್ಲದರಲ್ಲೂ ‘ಅ’ ಆಗಿ ಉಳಿಯುವುದು ಏನೆಂದು ತಿಳಿಯುತ್ತದೆ. ಕೀಲಿ ಕೊಡುವ ‘ಅ’ ಸದಾ ಒಂದೇ. ಫ್ರಾನ್ಸಿನ ಮಾರ್ಸೇಲ್‌ನಲ್ಲಿ ಮರೀಕೆ ಲಾಂಗ್‌ಕಾಂಪ್ ಮತ್ತು ಸಂಗಡಿಗರು ದೊಡ್ಡವರ ಮೇಲೆ ಮಾಡಿದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಹೊಸ ಅಕ್ಷರ ಕಲಿಸಬೇಕಿತ್ತಲ್ಲ, ಅವರು ಆರಿಸಿಕೊಂಡದ್ದು ಬಂಗಾಳಿ, ಗುಜರಾತಿ ಲಿಪಿಗಳಿಂದ. ಕೈಯಲ್ಲಿ ಬರೆದು ಕಲಿತವರು ವಾರಗಳ ನಂತರವೂ ಅಕ್ಷರವನ್ನು ಅದರ ಕನ್ನಡಿ ಬಿಂಬದಿಂದ ಬೇರ್ಪಡಿಸಿ ಗುರುತಿಸುವುದರಲ್ಲಿ ಟೈಪ್ ಮಾಡಿ ಕಲಿತವರಿಗಿಂತ ಮುಂದಿದ್ದರು.

ಕನ್ನಡದಲ್ಲಿ ಈ ಮಾತಿಗೆ ತೂಕ ಇನ್ನೂ ಹೆಚ್ಚು, ಯಾಕೆಂದು ನೋಡಲು ‘ಸ್ತ್ರೀ’ ಎಂಬ ಒಂದೇ ಅಕ್ಷರ ಸಾಕು. ಕಿವಿಗೆ ಬೀಳುವ ಕ್ರಮ ಸ್, ತ್, ರ್, ಈ. ಕೈ ಬರೆಯುವ ಕ್ರಮ ಬೇರೆ. ಮೊದಲು ಸಕಾರ, ಅದಕ್ಕೆ ತಲಕಟ್ಟು ಕೊಡದೆ ಗುಡಿಸು ಕೊಡಬೇಕು. ಆಮೇಲೆ ತಕಾರದ ಒತ್ತು, ಅದಾದ ಮೇಲೆ ರಕಾರದ ಒತ್ತು, ಕಡೆಗೆ ಬಲಕ್ಕೆ ದೀರ್ಘ. ಎಲ್ಲಕ್ಕಿಂತ ಕೊನೆಗೆ ಕೇಳಿಸುವ ಸ್ವರದ ಅರ್ಧ ಭಾಗ ಮೊದಲ ವ್ಯಂಜನದ ತಲೆಯ ಮೇಲೆ, ಉಳಿದರ್ಧ ಕಟ್ಟಕಡೆಯಲ್ಲಿ. ಅಂದರೆ ಸಕಾರಕ್ಕೆ ಕೈಯಿಡುವ ಮೊದಲೇ ಇಡೀ ಅಕ್ಷರ ಬರೆಯುವವನ ಕಣ್ಣೆದುರು ನಿಂತಿರಬೇಕು. ‘ಧರ್ಮ’ದಲ್ಲಿ ಮೊದಲು ಕೇಳಿಸುವ ರೇಫೆ ಮಕಾರವಾದ ಮೇಲೆ ಅರ್ಕಾವತ್ತಾಗಿ ಬರುತ್ತದೆ. ಇನ್ನು ಗೆರೆಗಳ ಸೂಕ್ಷ್ಮ: ‘ಪ’ದ ಹೊಟ್ಟೆಯಲ್ಲಿ ಗೆರೆ ಎಳೆದರೆ ‘ಷ’, ಅಡಿಯಲ್ಲಿ ಸೀಳಿದರೆ ‘ಫ’, ‘ದ’ ಸೀಳಿದರೆ ‘ಧ’, ‘ವ’ಕ್ಕೆ ಬಲಗಡೆ ಕೊಂಡಿ ಸೇರಿದರೆ ‘ಮ’. ಕಣ್ಣು ಇವನ್ನು ಒಟ್ಟಾರೆ ನೋಡಿ ದಾಟಿಬಿಡುತ್ತದೆ. ಕೈ ದಾಟಲಾರದು, ಗೆರೆಯನ್ನು ಎಳೆದರೆ ಎಳೆದಂತೆ, ಬಿಟ್ಟರೆ ಬಿಟ್ಟಂತೆ. ಇಂಗ್ಲಿಷಿನ ಮಗು 26 ಅಕ್ಷರಗಳ ದೊಡ್ಡ ರೂಪ, ಸಣ್ಣ ರೂಪ ಕಲಿತರೆ ಅಕ್ಷರದ ಕೆಲಸ ಮುಗಿಯಿತು. ನಮ್ಮಲ್ಲಿ 34 ವ್ಯಂಜನಗಳ ಕಾಗುಣಿತವೇ 510 ರೂಪ, ಒತ್ತಕ್ಷರಗಳ ಲೆಕ್ಕ ಬೇರೆ. ಬೆಂಗಳೂರಿನ ಸೋನಾಲಿ ನಾಗ್ 2007ರಲ್ಲಿ ಕನ್ನಡ ಮಕ್ಕಳ ಓದಿನ ಬಗ್ಗೆ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಇದನ್ನೇ: ಇಂಗ್ಲಿಷಿನಲ್ಲಿ ಮೊದಲ ಒಂದೆರಡು ವರ್ಷಕ್ಕೆ ಮುಗಿಯುವ ಅಕ್ಷರ ಕಲಿಕೆ ಕನ್ನಡದಲ್ಲಿ ನಾಲ್ಕನೇ ತರಗತಿಯ ಹೊತ್ತಿಗೂ ಮುಂದುವರಿದಿರುತ್ತದೆ.

ನಮ್ಮ ಶಿಕ್ಷಕರಿಗೆ ಇದು ಅನುಭವದಿಂದ ಗೊತ್ತಿತ್ತು. ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳ ‘ನಲಿ ಕಲಿ’ ಪದ್ಧತಿಯಲ್ಲಿ ಕಲಿಕೆ ಅ, ಆ, ಇ, ಈಯಿಂದ ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು. ಆಮೇಲೆ ಜ, ವ, ಮ, ಬ, ನ. ಐದು ಅಕ್ಷರ ಕೈಗೆ ಬಂದರೆ ಅರಸ, ಅಗಸ, ಗರಗಸ ಎಂದು ಪದಗಳನ್ನೇ ಬರೆಯಬಹುದು. ‘ವ’ ಬರೆದ ಕೈಗೆ ‘ಮ’ ಸಲೀಸು. ವರ್ಣಮಾಲೆಯ ಶಾಸ್ತ್ರೀಯ ಕ್ರಮವನ್ನು ಬದಿಗಿಟ್ಟು ಮಗುವಿನ ಕೈಗೂ ಬಾಯಿಗೂ ಹೊಂದುವ ಕ್ರಮ ಹಿಡಿದದ್ದರ ಹಿಂದಿನ ತಿಳಿವಳಿಕೆ ಇಷ್ಟೇ: ಕನ್ನಡದ ಅಕ್ಷರವನ್ನು ಕಟ್ಟಿಯೇ ಕಲಿಯಬೇಕು.

ಫೋನಿನಲ್ಲಿ ಈ ಕಟ್ಟುವ ಕೆಲಸ ನಡೆಯುವುದೇ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಕನ್ನಡ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರ ಒತ್ತಿ. ಯಂತ್ರ ನಾಲ್ಕು ಕನ್ನಡ ಪದಗಳನ್ನು ಮುಂದಿಡುತ್ತದೆ, ಒಂದನ್ನು ಆರಿಸಿದರೆ ಮುಗಿಯಿತು. ಅಲ್ಪಪ್ರಾಣವೋ ಮಹಾಪ್ರಾಣವೋ, ‘ಶ’ವೋ ‘ಷ’ವೋ, ಒತ್ತು ಯಾವುದಕ್ಕೆ ಎಂಬ ನಿರ್ಧಾರವೆಲ್ಲ ಯಂತ್ರದ್ದು. ಬರೆಯುವವರಿಗೆ ಉಳಿದಿರುವುದು ಗುರುತು ಹಿಡಿಯುವ ಕೆಲಸ. ಎಷ್ಟೋ ಜನ ಅದನ್ನೂ ಬಿಟ್ಟು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲೇ ಕಳಿಸುತ್ತಾರೆ. ಅಮೆರಿಕದಲ್ಲೋ ಗಲ್ಫ್‌ನಲ್ಲೋ ಬೆಳೆಯುವ ಕನ್ನಡಿಗರ ಮಕ್ಕಳಿಗೆ ಎಷ್ಟೋ ಮನೆಗಳಲ್ಲಿ ಇದೊಂದೇ ಲಿಖಿತ ಕನ್ನಡ. ಈ ದಾರಿಯಲ್ಲಿ ನಮಗಿಂತ ಮೊದಲೇ ನಡೆದ ದೇಶ ಚೀನಾ. ಅಲ್ಲಿ ಫೋನಿನ ಮೇಲೆ ಉಚ್ಚಾರಣೆಯನ್ನು ರೋಮನ್ ಅಕ್ಷರದ ಪಿನ್‌ಯಿನ್‌ನಲ್ಲಿ ಒತ್ತಿ, ತೆರೆ ತೋರಿಸಿದ ಚೀನೀ ಚಿಹ್ನೆಗಳಲ್ಲಿ ಒಂದನ್ನು ಆರಿಸುತ್ತಾರೆ. ಪೆನ್ನು ಹಿಡಿದರೆ ಚಿಹ್ನೆಯೇ ನೆನಪಿಗೆ ಬಾರದ ಸ್ಥಿತಿ ವಿದ್ಯಾವಂತರಲ್ಲೂ ಸಾಮಾನ್ಯವಾಗಿ, ಅದಕ್ಕೊಂದು ನುಡಿಗಟ್ಟೇ ಹುಟ್ಟಿಕೊಂಡಿದೆ. 2013ರಲ್ಲಿ ಅಲ್ಲಿನ ಮೂರು ನಗರಗಳ 5 ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಶಾಲಾ ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ, ಪಿನ್‌ಯಿನ್ ಟೈಪಿಂಗ್‌ಗೆ ಹೆಚ್ಚು ಹೊತ್ತು ಕೊಡುವ ಮಕ್ಕಳ ಓದಿನ ಮಟ್ಟ ಕಡಿಮೆ, ಕೈಯಲ್ಲಿ ಬರೆಯುವವರದು ಹೆಚ್ಚು ಎಂದು ಕಂಡುಕೊಂಡಿತು. ಒಂದರಿಂದಲೇ ಇನ್ನೊಂದು ಆಯಿತೆಂದು ಇಷ್ಟರಿಂದ ಹೇಳಲಾಗದು. ಫೋನು ಹೆಚ್ಚು ಹಿಡಿಯುವ ಮಗು ಪುಸ್ತಕ ಕಡಿಮೆ ಹಿಡಿಯುತ್ತಿರಬಹುದು. ಆದರೂ ಇಂಡಿಯಾನಾ, ಮಾರ್ಸೇಲ್‌ಗಳಲ್ಲಿ ಪ್ರಯೋಗದಿಂದ ಕಂಡದ್ದು ತೋರಿಸುವ ದಿಕ್ಕೂ ಇದೇ.

ಆಕ್ಷೇಪಗಳು

ಪುರಾವೆ ಗಟ್ಟಿಯಿಲ್ಲ ಎಂಬುದು ಮೊದಲ ಆಕ್ಷೇಪ, ಅದು ಬಲವಾದದ್ದೂ ಹೌದು. ಕೈಬರಹದ ಪರವಾಗಿ ಎಲ್ಲರೂ ಎತ್ತಿ ತೋರಿಸುವುದು 2014ರಲ್ಲಿ ಪಾಮ್ ಮುಲ್ಲರ್ ಮತ್ತು ಡೇನಿಯಲ್ ಓಪನ್‌ಹೈಮರ್ ಪ್ರಕಟಿಸಿದ ಅಧ್ಯಯನವನ್ನು. ಕಾಲೇಜು ಉಪನ್ಯಾಸ ಕೇಳುತ್ತ ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಮಾಡಿಕೊಂಡವರಿಗಿಂತ ಕೈಯಲ್ಲಿ ಮಾಡಿಕೊಂಡವರು ವಿಷಯವನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು ಎಂದು ಅದು ಸಾರಿತು. 2019ರಲ್ಲಿ ಮತ್ತು 2021ರಲ್ಲಿ ಬೇರೆ ತಂಡಗಳು ಅದೇ ಪ್ರಯೋಗ ಮಾಡಿದಾಗ ಆ ವ್ಯತ್ಯಾಸ ಹಾಗೆ ನಿಲ್ಲಲಿಲ್ಲ. ಮತ್ತೆ 2024ರಲ್ಲಿ ನಾರ್ವೆಯಿಂದ ಬಂದ ಸುದ್ದಿ: ಕೈಯಲ್ಲಿ ಬರೆಯುವಾಗ ಮಿದುಳಿನ ಭಾಗಗಳ ನಡುವೆ ಸಂಪರ್ಕ ವ್ಯಾಪಕವಾಗಿರುತ್ತದೆ, ಟೈಪ್ ಮಾಡುವಾಗ ಇರುವುದಿಲ್ಲ. ಪತ್ರಿಕೆಗಳು ಇದನ್ನು ಮುಖಪುಟಕ್ಕೆ ತಂದವು. ಆ 36 ವಿದ್ಯಾರ್ಥಿಗಳು ಟೈಪ್ ಮಾಡಿದ್ದು ಒಂದೇ ಬೆರಳಿನಲ್ಲಿ, ಏನನ್ನಾದರೂ ಕಲಿತರೇ ಎಂದು ಪರೀಕ್ಷಿಸಿಯೇ ಇರಲಿಲ್ಲ ಎಂಬುದು ಒಳಪುಟಕ್ಕೂ ಬರಲಿಲ್ಲ. ಹಾಗಾಗಿ ದೊಡ್ಡವರು ಪೆನ್ನು ಬಿಟ್ಟು ಟೈಪ್ ಮಾಡಿದರೆ ಬುದ್ಧಿ ಮಂಕಾಗುತ್ತದೆ ಎಂಬ ಮಾತನ್ನು ಒಪ್ಪಬೇಕಿಲ್ಲ. ಪುರಾವೆ ಕುಸಿದಿರುವುದು ಅಕ್ಷರ ಕಲಿತು ಮುಗಿಸಿದವರ ವಿಷಯದಲ್ಲಿ. ಅಕ್ಷರ ಕಲಿಯುತ್ತಿರುವವರ ವಿಷಯದಲ್ಲಿ ಅದು ನಿಂತಿದೆ. ನಾವು ರೇಖೆ ಎಳೆಯಬೇಕಾದ ಜಾಗವೂ ಅದೇ.

ಎರಡನೆಯದು ನ್ಯಾಯದ ಪ್ರಶ್ನೆ. ಬರೆಯುವುದೇ ಕಷ್ಟವಾಗುವ ಡಿಸ್ಗ್ರಾಫಿಯಾ ಇರುವ ಮಗುವಿಗೆ, ಕೈಬೆರಳು ಸ್ವಾಧೀನದಲ್ಲಿಲ್ಲದ ಮಗುವಿಗೆ ಕೀಲಿಮಣೆ ವರದಾನ. ಕೈಬರಹವನ್ನು ಹೊಗಳುತ್ತ ಹೋದರೆ ಆ ಮಗುವಿಗೆ ದಡ್ಡನ ಪಟ್ಟ ಕಟ್ಟಿದಂತಾಗುತ್ತದೆ. ಈ ಮಾತು ಪೂರ್ತಿ ನಿಜ, ಅದರಿಂದ ಮೇಲಿನ ವಾದಕ್ಕೆ ಬಲವೇ ಹೆಚ್ಚುತ್ತದೆ. ಬರೆಯುವುದರ ಲಾಭ ಬರೆಯುವ ಕ್ರಿಯೆಯಲ್ಲಿದ್ದು ಬರೆದು ಮುಗಿದ ಹಾಳೆಯ ಅಂದದಲ್ಲಿ ಇಲ್ಲವಾದರೆ, ಅಂದಕ್ಕೆ ಅಂಕ ಕೊಡುವ ಹಕ್ಕು ಶಾಲೆಗೆ ಇಲ್ಲ. ನಾಲ್ಕು ಗೆರೆಯ ಪುಸ್ತಕದಲ್ಲಿ ಒಂದೇ ಸಾಲನ್ನು ಇಪ್ಪತ್ತು ಸಲ ಬರೆಸುವ ಶಿಕ್ಷೆಗೂ ಸಮರ್ಥನೆ ಇಲ್ಲ. ಅಷ್ಟೇ ಅಲ್ಲ, ಹದಿನೈದು ವರ್ಷ ದಾಟಿದವರನ್ನು ಮೂರು ಗಂಟೆ ಕೈನೋವು ಬರುವಂತೆ ಬರೆಸಿ ಅಳೆಯುವ ಪರೀಕ್ಷಾ ಪದ್ಧತಿಗೂ ಈ ವಾದದಲ್ಲಿ ಆಸರೆ ಸಿಗುವುದಿಲ್ಲ. ಅಲ್ಲಿ ಅಳತೆಯಾಗುವುದು ಬೇಗ ಬರೆಯುವ ಶಕ್ತಿ. ಉತ್ತರ ಗೊತ್ತಿದ್ದೂ ಕೈ ಓಡದವರು ಹಿಂದೆ ಬೀಳುತ್ತಾರೆ. ಕಂಪ್ಯೂಟರುಗಳು ಎಲ್ಲ ಶಾಲೆಗಳಿಗೂ ಸಮನಾಗಿ ಸಿಗುವವರೆಗೆ ಕೈಬರಹದ ಪರೀಕ್ಷೆ ಅನಿವಾರ್ಯ ಎಂದರೆ ಒಪ್ಪಬಹುದು, ಅದೇ ಶ್ರೇಷ್ಠ ಎಂದರೆ ಒಪ್ಪಲಾಗದು.

ಮೂರನೆಯ ಆಕ್ಷೇಪ ಕನ್ನಡ ಗಣಕಲೋಕದಿಂದಲೇ ಬರಬಹುದಾದದ್ದು, ಎಲ್ಲಕ್ಕಿಂತ ಸ್ವಾರಸ್ಯದ್ದು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್, ರೂಪಿಸಿದ ಕೀಲಿಮಣೆ ವಿನ್ಯಾಸ ಅಕ್ಷರದ ಆಕಾರವನ್ನು ಕಡೆಗಣಿಸಿ ಧ್ವನಿಯ ಕ್ರಮವನ್ನು ಹಿಡಿಯುತ್ತದೆ. ‘ಸ್ತ್ರೀ’ ಬೇಕಾದರೆ ಸ, ಒತ್ತಿನ ಕೊಂಡಿಯಾದ ಎಫ್ ಕೀಲಿ, ತ, ಮತ್ತೆ ಎಫ್, ರ, ಕೊನೆಗೆ ಈಕಾರ. ಕೇಳಿಸಿದಂತೆಯೇ ಒತ್ತುತ್ತ ಹೋಗುವುದು. ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲೆಲ್ಲ ಬಳಕೆಯಾದದ್ದು ಈ ವಿನ್ಯಾಸವೇ. ಸಂಯುಕ್ತಾಕ್ಷರದಲ್ಲಿ ಯಾವ ವ್ಯಂಜನ ಮೊದಲು, ಯಾವುದು ಆಮೇಲೆ ಎಂಬ ವ್ಯಾಕರಣ ಇಲ್ಲಿ ಕೈಬರಹಕ್ಕಿಂತ ಚೊಕ್ಕವಾಗಿ ಕಾಣುತ್ತದೆ. ಹಾಗಿದ್ದರೆ ಟೈಪಿಂಗೇ ಒಳ್ಳೆಯ ಮೇಷ್ಟ್ರಲ್ಲವೇ? ಒಳ್ಳೆಯ ಮೇಷ್ಟ್ರು ಹೌದು, ಎರಡನೆಯ ಮೇಷ್ಟ್ರು. ಕೈಬರಹ ಅಕ್ಷರದ ರೂಪವನ್ನು ಕಲಿಸುತ್ತದೆ, ಈ ಕೀಲಿಮಣೆ ಅದರೊಳಗಿನ ಧ್ವನಿಯನ್ನು ಬಿಡಿಸಿ ತೋರಿಸುತ್ತದೆ. ರೂಪ ಕೂತ ಮೇಲೆ ಧ್ವನಿಯ ಬಿಡಿಸುವಿಕೆ ಸೇರಿದರೆ ಕಾಗುಣಿತ ಗಟ್ಟಿಯಾಗುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪದ ಆರಿಸುವ ಪದ್ಧತಿಯಲ್ಲಿ ಮಾತ್ರ ರೂಪವೂ ಇಲ್ಲ, ಬಿಡಿಸುವಿಕೆಯೂ ಇಲ್ಲ. ಮಕ್ಕಳನ್ನು ದೂರವಿಡಬೇಕಾದದ್ದು ಆ ಅಭ್ಯಾಸದಿಂದ, ಕನ್ನಡದ ಕೀಲಿಮಣೆಯಿಂದಲ್ಲ.

ಆದ್ದರಿಂದ ಒಂದರಿಂದ ಐದನೇ ತರಗತಿಯವರೆಗೆ ಕನ್ನಡವನ್ನು ದಿನವೂ ಕೈಯಲ್ಲಿ ಬರೆಸಬೇಕು. ಆರನೆಯದರಿಂದ ಧ್ವನಿಕ್ರಮದ ಕನ್ನಡ ಟೈಪಿಂಗ್ ಕಲಿಸಬೇಕು. ಆಮೇಲೆ ಯಾವುದರಲ್ಲಿ ಬರೆಯಬೇಕೆಂಬುದು ಬರೆಯುವವರ ಇಷ್ಟ. ಹೊಸ ಯಂತ್ರವಾಗಲಿ ಹೊಸ ಪಠ್ಯವಾಗಲಿ ಇದಕ್ಕೆ ಬೇಡ. ಆದರೆ ಬರೆದದ್ದನ್ನು ಸಂಜೆ ಪುಸ್ತಕ ತರಿಸಿಕೊಂಡು ತಿದ್ದಿದರೆ ಅರ್ಧ ಲಾಭವೂ ಇಲ್ಲ. ಮುಗಿದ ಹಾಳೆಯಲ್ಲಿ ‘ಸ್ತ್ರೀ’ ಸರಿಯಾಗಿಯೇ ಕಾಣಬಹುದು. ಗುಡಿಸನ್ನು ಕೊನೆಗೆ ತಡವಾಗಿ ಅಂಟಿಸಿದ್ದು, ಒತ್ತುಗಳನ್ನು ಹಿಂದುಮುಂದಾಗಿ ಬರೆದದ್ದು ಅದರಲ್ಲಿ ತಿಳಿಯುವುದಿಲ್ಲ. ಮಗು ಬರೆಯುವಾಗ ಪಕ್ಕದಲ್ಲಿ ನಿಂತು ಕೈ ನೋಡುವವರಿಗೆ ಮಾತ್ರ ಅದು ತಿಳಿಯುತ್ತದೆ. ಒಂದು, ಎರಡು, ಮೂರನೇ ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಒಬ್ಬರೇ ನಡೆಸುವ ಕೋಣೆಯಲ್ಲಿ ಆ ಪುರುಸೊತ್ತು ಯಾರಿಗಿದೆ? ಕೈಬರಹ ಉಳಿಸಬೇಕೆಂಬ ಕಾಳಜಿ ನಿಜವಾಗಿದ್ದರೆ ಮುದ್ದಾದ ಅಕ್ಷರದ ಸ್ಪರ್ಧೆಗಳನ್ನು ಏರ್ಪಡಿಸುವುದರಿಂದ ಏನೂ ಆಗದು. ಕಿರಿಯ ತರಗತಿಗಳಿಗೆ ಸಾಕಷ್ಟು ಶಿಕ್ಷಕರನ್ನು ನೇಮಿಸಿ ಎಂದು ಸರ್ಕಾರವನ್ನು ಕೇಳಬೇಕು. ಕೈಬರಹದ ಭವಿಷ್ಯ ತೀರ್ಮಾನವಾಗುವುದು ಕೀಲಿಮಣೆಯಿಂದಲ್ಲ, ಆ ನೇಮಕಾತಿಯಿಂದ.